ಸದ್ವೃತ್ತ

ಆರೋಗ್ಯಕ್ಕಾಗಿ ಆಯುರ್ವೇದ ವಿಧಿಸುವ ನಡೆನುಡಿಯ ಕಟ್ಟಳೆ. ಚರಕಸಂಹಿತೆಯ ಸೂತ್ರಸ್ಥಾನದ 8ನೆಯ ಅಧ್ಯಾಯದಲ್ಲಿ ಇದರ ವಿವರವಿದೆ. ಬಾಯಿ ಮುಚ್ಚಿಕೊಳ್ಳದೆ ಸೀನಬಾರದು, ಆಕಳಿಸಬಾರದು ಎಂಬ ಅಲ್ಲಿನ ನಿಯಮವನ್ನು ಕೋವಿಡ್ ಕಾಲದಲ್ಲಿ ಎಲ್ಲರೂ ಹೊಸದಾಗಿ ಕಲಿಯಬೇಕಾಯಿತು. ಸತ್ಯ, ದಯೆ, ಕೋಪದ ಹತೋಟಿಗಳನ್ನು ಚರಕ ‘ಆಚಾರ ರಸಾಯನ’ ಎಂದು ಔಷಧದ ಸಾಲಿನಲ್ಲೇ ಇಡುತ್ತಾನೆ.

ಅದೇ ಸೂತ್ರಸ್ಥಾನದ 7ನೆಯ ಅಧ್ಯಾಯ ಹೇಳುವ, ತಡೆಯಬಾರದ 13 ವೇಗಗಳಲ್ಲಿ (ದೇಹದ ಸಹಜ ಒತ್ತಡಗಳಲ್ಲಿ) ಮೂತ್ರ, ಬಾಯಾರಿಕೆ, ನಿದ್ದೆ ಸೇರಿವೆ. ಸಿಂಧನೂರು ತಾಲ್ಲೂಕಿನ ತುರ್ವಿಹಾಳದ ಸೀಮೆಯಲ್ಲಿ ಈ ಮಾತಿಗೆ ತೂಕ ಹೆಚ್ಚು. ತುಂಗಭದ್ರಾ ಎಡದಂಡೆ ಕಾಲುವೆಯ ಬಯಲಿನಲ್ಲಿ ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳಿಗೆ ಮರೆಯ ಜಾಗವೇ ಸಿಗುವುದಿಲ್ಲ. ಅದಕ್ಕಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರೆ ಮೂತ್ರನಾಳದ ಸೋಂಕು, ಕಿಡ್ನಿ ಕಲ್ಲುಗಳ ಅಪಾಯ ಹೆಚ್ಚುತ್ತದೆಂದು ಇಂದಿನ ವೈದ್ಯರೂ ಎಚ್ಚರಿಸುತ್ತಾರೆ. ಶೌಚಾಲಯವಿಲ್ಲದ ಕಡೆ ಬರೀ ಉಪದೇಶ ಅನ್ಯಾಯ.

ಗ್ರೀಷ್ಮದಲ್ಲಿ ತಂಪು ದ್ರವಾಹಾರ, ಕಡಿಮೆ ಶ್ರಮ, ಹಗಲು ನಿದ್ದೆ ಹಿತವೆನ್ನುತ್ತದೆ ಋತುಚರ್ಯೆ, ಅಂದರೆ ಆಯುರ್ವೇದದ ಋತುವಿಗೆ ತಕ್ಕ ನಡವಳಿಕೆಯ ಕ್ರಮ. 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಯ ಬಿಸಿಲಿಗೆ ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ ಹೇಳಿ ಮಾಡಿಸಿದ್ದು. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಈ ನಿಯಮಗಳನ್ನು ನಂಬಿ ಗುಳಿಗೆ ಬಿಡಬಾರದು.