ಮರು ಆಯ್ಕೆ ಪ್ರಚಾರ ಸಂಘಟನೆ

ಅಧಿಕಾರದಲ್ಲಿರುವ ಅಧ್ಯಕ್ಷರು ಅಥವಾ ಜನಪ್ರತಿನಿಧಿಗಳು ಮತ್ತೆ ಗೆಲ್ಲಲು ಕಟ್ಟಿಕೊಳ್ಳುವ ವ್ಯವಸ್ಥೆ. ಅಮೆರಿಕದಲ್ಲಿ ಇದಕ್ಕಾಗಿ ಪ್ರತ್ಯೇಕ ಸಮಿತಿಯೇ ಇರುತ್ತದೆ. 1972ರಲ್ಲಿ ಅಧ್ಯಕ್ಷ ನಿಕ್ಸನ್ ಅವರ ಮರು ಆಯ್ಕೆ ಸಮಿತಿ ವಾಟರ್‌ಗೇಟ್ ಹಗರಣದಲ್ಲಿ ಸಿಲುಕಿತು. ಭಾರತದ ರಾಷ್ಟ್ರಪತಿಯನ್ನು ಸಂಸದರು, ಶಾಸಕರು ಆರಿಸುವುದರಿಂದ ಇಲ್ಲಿ ಇಂಥ ಸಂಘಟನೆಯ ನಿಜವಾದ ಕಣ ಶಾಸಕ, ಸಂಸದರ ಕ್ಷೇತ್ರಗಳೇ.

ಉದಾಹರಣೆಗೆ, ಕಲಬುರಗಿ ಜಿಲ್ಲೆಯ ಭೀಮಾ ತೀರದ ಸೊನ್ನ ಸುತ್ತಲ ಸೀಮೆಯಲ್ಲಿ ಪ್ರಚಾರ ಯೋಜನೆಯ ಮೊದಲ ತೊಡಕು ಕ್ಷೇತ್ರಗಳ ಗಡಿಯದು. ಅಫಜಲಪುರ, ಜೇವರ್ಗಿ ವಿಧಾನಸಭಾ ಕ್ಷೇತ್ರಗಳು ಕಲಬುರಗಿ ಲೋಕಸಭಾ ಕ್ಷೇತ್ರಕ್ಕೆ ಸೇರಿದರೆ, ಅದೇ ಜಿಲ್ಲೆಯ ಆಳಂದ ಬೀದರಿಗೆ ಸೇರುತ್ತದೆ. ಹೀಗಾಗಿ ಪಕ್ಷದ ಒಂದೇ ಜಿಲ್ಲಾ ಘಟಕ ಇಬ್ಬರು ಅಭ್ಯರ್ಥಿಗಳಿಗೆ ದುಡಿಯಬೇಕಾಗುತ್ತದೆ. ಕೆಲಸದ ತಿರುಳು ಮಾತ್ರ ಬೂತಿನಲ್ಲಿದೆ: ಮತದಾರರ ಪಟ್ಟಿ ಪರಿಶೀಲನೆ, ಮನೆ ಮನೆ ಭೇಟಿ, ದುಡಿಯಲು ಗುಳೆ ಹೋದವರನ್ನು ಮತದಾನದ ದಿನ ಊರಿಗೆ ಕರೆಸುವುದು, ಬೂತ್ ಏಜೆಂಟರ ನೇಮಕ. ಚುನಾವಣೆ ಘೋಷಣೆಯಾದೊಡನೆ ನೀತಿಸಂಹಿತೆ ಜಾರಿಗೆ ಬರುತ್ತದೆ. ಸರ್ಕಾರಿ ವಾಹನ, ಹೊಸ ಯೋಜನೆಗಳ ಘೋಷಣೆ ಪ್ರಚಾರಕ್ಕೆ ಸಲ್ಲವು. ಅಧಿಕಾರದಲ್ಲಿರುವವರು ಇದನ್ನು ಕಟ್ಟುನಿಟ್ಟಾಗಿ ಪಾಲಿಸಲೇಬೇಕು, ಇಲ್ಲದಿದ್ದರೆ ಸ್ಪರ್ಧೆಗೆ ನ್ಯಾಯವೇ ಉಳಿಯದು.

ಹಳೆಯ ವರ್ಚಸ್ಸೊಂದೇ ಸಾಲದು. ಜೇವರ್ಗಿಯಿಂದ ಸತತವಾಗಿ ಗೆಲ್ಲುತ್ತ ಬಂದು ಮುಖ್ಯಮಂತ್ರಿಯೂ ಆಗಿದ್ದ ಎನ್. ಧರ್ಮಸಿಂಗ್ 2008ರಲ್ಲಿ ಕೇವಲ 70 ಮತಗಳಿಂದ ಸೋತರು. ಒಂದೆರಡು ಬೂತುಗಳ ಅಲಕ್ಷ್ಯವೂ ಇಷ್ಟು ಅಂತರಕ್ಕೆ ಸಾಕು. 1972ರಿಂದ ಸೋಲೇ ಕಾಣದಿದ್ದ ಮಲ್ಲಿಕಾರ್ಜುನ ಖರ್ಗೆ 2019ರಲ್ಲಿ ಕಲಬುರಗಿ ಲೋಕಸಭಾ ಕ್ಷೇತ್ರದಲ್ಲಿ ಉಮೇಶ ಜಾಧವ್ ಎದುರು ಸೋತರು. ಅಂತರ 95 ಸಾವಿರ ಮತ ದಾಟಿತ್ತು. ಆದರೆ ಒಂದು ಸೋಲೇ ಕೊನೆಯಲ್ಲ: ಜೇವರ್ಗಿಯಲ್ಲಿ ಸೋತ ಧರ್ಮಸಿಂಗ್ ಮರುವರ್ಷವೇ, 2009ರಲ್ಲಿ, ಬೀದರಿನಿಂದ ಲೋಕಸಭೆಗೆ ಗೆದ್ದರು.