ಸುರಂಗದೊಳಗಿನ ಹೆನ್ರಿ

ಆಲಮಟ್ಟಿಯ ಮೀಟರ್ ಗೇಜ್ ಗಾಡಿಯ ಹೊಗೆ ಕಂಡು ಬೆಳೆದ ನಾನು, ನಿಡಗುಂದಿಯ ಮನೆಯಲ್ಲಿ ಮೊಮ್ಮಗನೊಡನೆ ಥಾಮಸನ ಕಥೆಗಳನ್ನು ನೋಡುತ್ತೇನೆ. ಪಾದ್ರಿ ವಿಲ್ಬರ್ಟ್ ಆಡ್ರಿಯವರು 1945ರಿಂದ ಪ್ರಕಟಿಸಿದ ಈ ಎಂಜಿನ್ ಕಥೆಗಳು 1984ರಲ್ಲಿ ದೂರದರ್ಶನದ ಪರದೆಗೆ ಬಂದವು. ಮಳೆಗೆ ಬಣ್ಣ ಕೆಡುವುದೆಂದು ಸುರಂಗದಿಂದ ಹೊರಬರಲೊಪ್ಪದ ಹೆನ್ರಿಗೆ ಅಲ್ಲಿಯೇ ಗೋಡೆ ಕಟ್ಟಿಸಿಬಿಡುತ್ತಾರೆ! ಗಾರ್ಡನ್ ಕೆಟ್ಟು ನಿಂತಾಗಲೇ ಅವನ ಬಿಡುಗಡೆ. ಕೆಲಸಕ್ಕೆ ಬರುವವನಿಗಷ್ಟೇ ಬೆಲೆ. ಅಂದಿನ ಶಿಸ್ತು ಅದು.

ಮುಂದೆ ಧೋರಣೆ ಬದಲಾಯಿತು. ನೀಲಗಿರಿ ರೈಲನ್ನು ನೆನಪಿಸುವ ಆಶಿಮಾ 2016ರ ಚಿತ್ರದಲ್ಲಿ ಬಂದಳು. 2018ರಲ್ಲಿ ಕೀನ್ಯಾದ ನಿಯಾ ಹಾಗೂ ರೆಬೆಕಾ ಮುಖ್ಯ ತಂಡ ಸೇರಿದರು. ಹೆನ್ರಿ, ಎಡ್ವರ್ಡ್ ಹಿಂದೆ ಸರಿದರು.

ಲೆಕ್ಕ ಬಾರದ ಹುಡುಗನೊಬ್ಬನನ್ನು ನಾನೂ ವಾರವಿಡೀ ತರಗತಿಯ ಹೊರಗೆ ನಿಲ್ಲಿಸಿದ್ದೆ. ಮರುವಾರ ಅವನು ಶಾಲೆಗೆ ಬರಲಿಲ್ಲ. ವಿಚಾರಿಸಲು ನಾನು ಅವನ ಮನೆಗೂ ಹೋಗಲಿಲ್ಲ.

ಮೊಮ್ಮಗ ಕೇಳಿದ: “ಮುತ್ಯಾ, ಗ್ವಾಡಿ ಕಟ್ಟೂದ್ ಬಿಟ್ಟು ಮಳಿ ನಿಲ್ಲೂತನಕ ಕಾಯ್ದಿದ್ರ ಆಗತಿರಲಿಲ್ಲೇನು?”