ಎರಡು ಚೀಟಿ, ಎರಡು ಪೆಟ್ಟಿಗೆ: ಮುಂಬಯಿಯ ಗಿರಣಿ ಕೇರಿಯ ಚುನಾವಣಾ ಚರಿತ್ರೆ

'ಬಾಬಾಸಾಹೇಬರನ್ನು ಸೋಲಿಸಿದವರು ಅವರು, ನಾವಲ್ಲ.' ಪ್ರತಿ ಚುನಾವಣೆಯಲ್ಲೂ ಈ ಮಾತು ನಮ್ಮ ಕೇರಿಗಳಿಗೆ ಬರುತ್ತದೆ. ಒಬ್ಬರು ಕಾಂಗ್ರೆಸ್ಸಿನ ಕಡೆ ಬೆರಳು ತೋರಿಸುತ್ತಾರೆ, ಇನ್ನೊಬ್ಬರು ಕಮ್ಯುನಿಸ್ಟರ ಕಡೆ. ಬೆರಳು ತೋರಿಸುವವರೆಲ್ಲ ಓಟು ಇಸಕೊಂಡು ಹೋಗುವವರೇ. ಅವರು ಸೋತದ್ದು ಎಲ್ಲಿ, ಯಾವ ಲೆಕ್ಕದಲ್ಲಿ, ಆಮೇಲೆ ಆ ನೆಲದಲ್ಲಿ ಏನೇನಾಯಿತು ಅಂತ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಮೊದಲ ಸಲ ಅಕ್ಷರ ಕಂಡವರು ನಾವು. ಈ ಲೆಕ್ಕವನ್ನು ನಾವೇ ಬಿಡಿಸಿ ನೋಡಬೇಕಾಗಿದೆ.

ಆ ನೆಲ ಮುಂಬಯಿಯ ಗಿರಣಿ ಸೀಮೆ. ಪರೇಲ್, ನಾಯಗಾಂವ್, ವರಳಿ, ದಾದರ್, ಮಾಟುಂಗಾ, ಧಾರಾವಿ. ಕ್ಷೇತ್ರದ ಹೆಸರು ಹತ್ತು ಸಲ ಬದಲಾಗಿದೆ, ಗಡಿಯನ್ನು ಕತ್ತರಿಸಿ ಕತ್ತರಿಸಿ ಹೊಲಿದಿದ್ದಾರೆ. ಬಾಬಾಸಾಹೇಬರು ಪರೇಲಿನ ಚಾಳಿನಲ್ಲಿ ಬಾಳಿದ್ದು, ದಾದರಿನಲ್ಲಿ ರಾಜಗೃಹ ಕಟ್ಟಿದ್ದು, ೧೯೫೬ರ ಡಿಸೆಂಬರಿನಲ್ಲಿ ಅವರ ಚಿತೆ ಉರಿದದ್ದು ಎಲ್ಲ ಈ ಸುತ್ತಿನಲ್ಲೇ.

ಗಿರಣಿ ಅಂದರೆ ಎಲ್ಲರೂ ಕಾರ್ಮಿಕರು, ಅಲ್ಲಿ ಜಾತಿ ಇರಲಿಲ್ಲ ಅಂತ ಹೇಳುವವರಿದ್ದಾರೆ. ನೇಯ್ಗೆ ವಿಭಾಗದಲ್ಲಿ ಹೆಚ್ಚು ಕೂಲಿ ಇತ್ತು. ಅಲ್ಲಿಗೆ ಅಸ್ಪೃಶ್ಯರನ್ನು ಬಿಡುತ್ತಿರಲಿಲ್ಲ. ಕಾರಣ ಕೇಳಿ: ಲಾಳಿಗೆ ಹೊಸ ನೂಲು ಹಾಕುವಾಗ ಎಳೆಯನ್ನು ಬಾಯಿಂದ ಹೀರಿ ಎಳೆಯಬೇಕಿತ್ತು. ಹೊಲೆಯನ ಎಂಜಲು ತಾಗಿದ ಲಾಳಿಗೆ ಮರಾಠ ಬಾಯಿ ಇಡುವುದುಂಟೆ? ೧೯೨೮ರ ದೊಡ್ಡ ಮುಷ್ಕರದ ಕಾಲದಲ್ಲಿ ಬಾಬಾಸಾಹೇಬರು ಈ ಪ್ರಶ್ನೆಯನ್ನು ಕೆಂಬಾವುಟದವರ ಮುಂದೆ ಇಟ್ಟರು. ಮಾಲೀಕನ ವಿರುದ್ಧ ಒಂದಾಗೋಣ ಸರಿ, ಲಾಳಿಯ ಮುಂದೆ ಯಾಕೆ ಬೇರೆ ಅಂತ. ಈ ಕ್ಷೇತ್ರದ ಮುಂದಿನ ಚುನಾವಣೆಗಳೆಲ್ಲ ಈ ಪ್ರಶ್ನೆಯನ್ನೇ ಬೇರೆ ಬೇರೆ ರೀತಿಯಲ್ಲಿ ಕೇಳಿವೆ.

೧೯೩೬ರಲ್ಲಿ ಬಾಬಾಸಾಹೇಬರು ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. ಮರುವರ್ಷ ಪ್ರಾಂತೀಯ ಶಾಸನಸಭೆಗೆ ಮುಂಬಯಿ ನಗರದಿಂದಲೇ ನಿಂತರು. ಕಾಂಗ್ರೆಸ್ಸು ಎದುರಿಗೆ ನಿಲ್ಲಿಸಿದ್ದು ಪಾಲವಣಕರ್ ಬಾಳೂ ಅವರನ್ನು. ಬಾಳೂ ಹೆಸರಾಂತ ಕ್ರಿಕೆಟ್ ಬೌಲರ್, ಚಂಭಾರ ಸಮುದಾಯದವರು. ಮಹಾರನ ಮೇಲೆ ಚಂಭಾರನನ್ನು ನಿಲ್ಲಿಸುವ ಈ ಉಪಾಯ ಆಗಲೇ ಶುರುವಾಗಿತ್ತು. ಆ ಸಲ ಅದು ಫಲಿಸಲಿಲ್ಲ, ಬಾಬಾಸಾಹೇಬರು ಗೆದ್ದರು. ೧೯೩೮ರ ನವೆಂಬರ್ ೭ರಂದು ಕಾರ್ಮಿಕರ ಮುಷ್ಕರದ ಹಕ್ಕನ್ನು ಕಸಿಯುವ ಮಸೂದೆಯ ವಿರುದ್ಧ ಮುಂಬಯಿ ನಿಂತುಹೋಯಿತು. ಅಂದು ಬಾಬಾಸಾಹೇಬರೂ ಕಮ್ಯುನಿಸ್ಟ್ ನಾಯಕ ಶ್ರೀಪಾದ ಅಮೃತ ಡಾಂಗೆಯೂ ಒಂದೇ ಹೋರಾಟದಲ್ಲಿದ್ದರು. ನೀಲಿ ಕೆಂಪು ಎರಡೂ ಒಂದೇ ಬೀದಿಯಲ್ಲಿ ನಡೆದವು.

ಹದಿನಾಲ್ಕು ವರ್ಷ ಆದಮೇಲೆ ಅದೇ ಬೀದಿಯಲ್ಲಿ ಅವರಿಬ್ಬರೂ ಎದುರುಬದುರು ನಿಂತರು.

ಸ್ವತಂತ್ರ ಭಾರತದ ಮೊದಲ ಚುನಾವಣೆ ಅದು. ಬಾಬಾಸಾಹೇಬರು ಹಿಂದೂ ಕೋಡ್ ಮಸೂದೆಯ ವಿಚಾರದಲ್ಲಿ ನೊಂದು ೧೯೫೧ರ ಸೆಪ್ಟೆಂಬರಿನಲ್ಲಿ ನೆಹರೂ ಮಂತ್ರಿಮಂಡಲ ಬಿಟ್ಟು ಬಂದಿದ್ದರು. ನಿಂತದ್ದು ಮುಂಬಯಿ ನಗರ ಉತ್ತರ ಕ್ಷೇತ್ರದಿಂದ, ಪರಿಶಿಷ್ಟ ಜಾತಿಗಳ ಒಕ್ಕೂಟದ ಆನೆ ಗುರುತಿನಲ್ಲಿ. ಸಮಾಜವಾದಿ ಪಕ್ಷದ ಅಶೋಕ ಮೆಹತಾ ಜತೆಗಾರರು. ಕಮ್ಯುನಿಸ್ಟರಿಂದ ಡಾಂಗೆ. ಕಾಂಗ್ರೆಸ್ಸಿನಿಂದ ವಿಠ್ಠಲ ಬಾಲಕೃಷ್ಣ ಗಾಂಧಿ ಮತ್ತು ನಾರಾಯಣ ಸದೋಬಾ ಕಾಜರೋಳ್ಕರ್. ಕಾಜರೋಳ್ಕರರೂ ಚಂಭಾರರೇ. ೧೯೩೭ರ ಉಪಾಯ ಮತ್ತೆ ಬಂದಿತ್ತು.

ಇಲ್ಲಿ ಸ್ವಲ್ಪ ನಿಂತು ಅಂದಿನ ಮತದಾನದ ಕ್ರಮ ತಿಳಿಯಬೇಕು. ಇದು ಜೋಡಿ ಸದಸ್ಯರ ಕ್ಷೇತ್ರ: ಒಂದು ಸ್ಥಾನ ಸಾಮಾನ್ಯ, ಇನ್ನೊಂದು ಮೀಸಲು. ಪ್ರತಿ ಮತದಾರನಿಗೆ ಎರಡು ಚೀಟಿ. ಪ್ರತಿ ಅಭ್ಯರ್ಥಿಗೂ ಗುರುತು ಅಂಟಿಸಿದ ಒಂದೊಂದು ಪೆಟ್ಟಿಗೆ. ಎರಡು ಚೀಟಿಯನ್ನು ಎರಡು ಪೆಟ್ಟಿಗೆಗೆ ಹಾಕಬೇಕು. ಎರಡನ್ನೂ ಒಂದೇ ಪೆಟ್ಟಿಗೆಗೆ ಹಾಕಿದರೆ ಒಂದು ಚೀಟಿ ಲೆಕ್ಕಕ್ಕಿಲ್ಲ. ಮೀಸಲು ಅಭ್ಯರ್ಥಿಗಳಲ್ಲಿ ಯಾರಿಗೆ ಹೆಚ್ಚು ಮತವೋ ಅವರಿಗೆ ಮೀಸಲು ಸ್ಥಾನ.

ಈಗ ಲೆಕ್ಕ ನೋಡಿ. ಕೇರಿಯವರ ಒಂದು ಚೀಟಿ ಬಾಬಾಸಾಹೇಬರಿಗೆ ಬಿದ್ದೇ ಬೀಳುತ್ತದೆ. ಆದರೆ ಕೇರಿಯವರು ಕಮ್ಮಿ ಜನ. ಉಳಿದ ಊರೆಲ್ಲ ತನ್ನ ಎರಡನೇ ಚೀಟಿಯನ್ನು ಯಾವ ದಲಿತನ ಪೆಟ್ಟಿಗೆಗೆ ಹಾಕುತ್ತದೆ ಅನ್ನೋದರ ಮೇಲೆ ಮೀಸಲು ಸ್ಥಾನದ ತೀರ್ಮಾನ. ದಲಿತರ ಪ್ರತಿನಿಧಿ ಯಾರು ಅಂತ ಹೇಳುವ ಅಧಿಕಾರ ದಲಿತರಲ್ಲದವರ ಎರಡನೇ ಚೀಟಿಗೆ ಹೋಯಿತು. ೧೯೩೨ರ ಪುಣೆ ಒಪ್ಪಂದದಲ್ಲಿ ಪ್ರತ್ಯೇಕ ಮತಕ್ಷೇತ್ರ ಬಿಟ್ಟುಕೊಟ್ಟಾಗ ಬಾಬಾಸಾಹೇಬರು ಯಾವುದಕ್ಕೆ ಹೆದರಿದ್ದರೋ ಅದು ಇಪ್ಪತ್ತು ವರ್ಷದ ನಂತರ ಅವರ ಸ್ವಂತ ಕೇರಿಯಲ್ಲೇ ನಡೆಯಿತು.

ಎಣಿಕೆಯಾಯಿತು. ಕಾಜರೋಳ್ಕರ್‌ಗೆ ೧,೩೮,೧೩೭. ಬಾಬಾಸಾಹೇಬರಿಗೆ ೧,೨೩,೫೭೬. ಅಂತರ ೧೪,೫೬೧. ಸಾಮಾನ್ಯ ಸ್ಥಾನವೂ ಕಾಂಗ್ರೆಸ್ಸಿಗೇ ಹೋಯಿತು. ಸಂವಿಧಾನದ ಕರಡು ಬರೆದ ಸಮಿತಿಯ ಅಧ್ಯಕ್ಷರು ಆ ಸಂವಿಧಾನದ ಮೊದಲ ಚುನಾವಣೆಯಲ್ಲೇ ಸೋತರು.

ಅಂತರಕ್ಕಿಂತ ದೊಡ್ಡದಾದ ಇನ್ನೊಂದು ಸಂಖ್ಯೆ ಇದೆ. ಎಪ್ಪತ್ತನಾಲ್ಕು ಸಾವಿರಕ್ಕೂ ಹೆಚ್ಚು ಚೀಟಿಗಳು ಲೆಕ್ಕಕ್ಕೆ ಬರದೆ ಹೋದವು ಅಂತ ಬಾಬಾಸಾಹೇಬರೂ ಅಶೋಕ ಮೆಹತಾರೂ ತಕರಾರು ಅರ್ಜಿ ಹಾಕಿದರು. ಎರಡು ಚೀಟಿಯನ್ನೂ ಒಂದೇ ಪೆಟ್ಟಿಗೆಗೆ ಹಾಕಿ ಒಂದನ್ನು ಹಾಳುಮಾಡಿ ಅಂತ ಡಾಂಗೆಯ ಕಡೆಯವರು ಪ್ರಚಾರ ಮಾಡಿದರು ಅನ್ನೋದು ಆರೋಪ. ಅರ್ಜಿ ನಿಲ್ಲಲಿಲ್ಲ. ಎರಡೂ ಕಡೆಯ ಮಾತು ಹೇಳಬೇಕು: ಒಕ್ಕೂಟದ ಪ್ರಣಾಳಿಕೆಯೂ ಹಿಂದೂ ಮಹಾಸಭೆಯ ಜತೆ, ಆರೆಸ್ಸೆಸ್ ಜತೆ, ಹಾಗೆಯೇ ಕಮ್ಯುನಿಸ್ಟರ ಜತೆ ಹೊಂದಾಣಿಕೆ ಇಲ್ಲ ಅಂತ ಸಾರಿತ್ತು. ೧೯೩೮ರಲ್ಲಿ ಒಟ್ಟಿಗೆ ನಡೆದವರು ಒಬ್ಬರ ಪೆಟ್ಟಿಗೆಯಿಂದ ಒಬ್ಬರು ದೂರ ನಿಂತರು. ನಡುವೆ ಜೋಡೆತ್ತು ಸರಾಗವಾಗಿ ಹಾದುಹೋಯಿತು.

ಹಾಗಾದರೆ ಜೋಡಿ ಕ್ಷೇತ್ರದಲ್ಲಿ ಒಕ್ಕೂಟ ಎಲ್ಲೂ ಗೆಲ್ಲಲಿಲ್ಲವೇ? ಗೆದ್ದಿತು. ನಮ್ಮ ಗಡಿಗೆ ಅಂಟಿಕೊಂಡ ಸೊಲ್ಲಾಪುರದಲ್ಲಿ ಅದೇ ೧೯೫೨ರಲ್ಲಿ ಪಿ.ಎನ್. ರಾಜಭೋಜ್ ಆನೆ ಗುರುತಿನಿಂದ ಲೋಕಸಭೆಗೆ ಹೋದರು. ಅಲ್ಲಿ ಸಾಮಾನ್ಯ ಸ್ಥಾನ ಗೆದ್ದದ್ದು ಶೇತಕರಿ ಕಾಮಗಾರ ಪಕ್ಷದ ಶಂಕರರಾವ್ ಮೋರೆ. ರೈತರ ಎರಡನೇ ಚೀಟಿ ಎಲ್ಲಿ ಆನೆಗೆ ಬಿತ್ತೋ ಅಲ್ಲಿ ಆನೆ ನಡೆಯಿತು. ಇನ್ನೊಂದು ಮಾತು: ರಾಜಭೋಜ್ ಚಂಭಾರರು. ಮಹಾರ ಚಂಭಾರ ಎಂದಿಗೂ ಕೂಡರು ಅನ್ನೋದು ಸುಳ್ಳು. ಕೂಡದಂತೆ ನೋಡಿಕೊಳ್ಳುವವರು ಇದ್ದಾರೆ ಅನ್ನೋದು ನಿಜ. ಎಡಗೈ ಬಲಗೈ ಅಂತ ನಮ್ಮನ್ನು ಎರಡು ಸಾಲು ಮಾಡಿ ಓಟು ಎಣಿಸುವ ಕರ್ನಾಟಕದಲ್ಲಿ ಇದನ್ನು ವಿವರಿಸಿ ಹೇಳಬೇಕೆ?

ಬಾಬಾಸಾಹೇಬರು ಆ ವರ್ಷವೇ ರಾಜ್ಯಸಭೆಗೆ ಹೋದರು. ೧೯೫೪ರಲ್ಲಿ ಭಂಡಾರದ ಉಪಚುನಾವಣೆಯಲ್ಲೂ ಮೀಸಲು ಸ್ಥಾನ ಕೈತಪ್ಪಿತು. ಜತೆಗಿದ್ದ ಅಶೋಕ ಮೆಹತಾ ಸಾಮಾನ್ಯ ಸ್ಥಾನ ಗೆದ್ದರು. ೧೯೫೫ರ ಆಗಸ್ಟಿನಲ್ಲಿ ಒಕ್ಕೂಟದ ಕಾರ್ಯಸಮಿತಿ, ಶಾಸನಸಭೆಗಳ ಮೀಸಲು ಸ್ಥಾನಗಳೇ ಬೇಡ ಅಂತ ಠರಾವು ಮಾಡಿತು. ಮೀಸಲಾತಿ ಅಂದರೆ ಬಾಬಾಸಾಹೇಬರು ಅಂತ ಬೈಯುವವರೂ ಹೊಗಳುವವರೂ ಈ ಠರಾವನ್ನು ಓದಿಲ್ಲ.

೧೯೫೭. ಬಾಬಾಸಾಹೇಬರು ಇಲ್ಲ. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಾಲ, ಗುಂಡೇಟಿಗೆ ಸತ್ತ ಕಾರ್ಮಿಕರ ರಕ್ತ ಇನ್ನೂ ಒಣಗಿಲ್ಲ. ಸಮಿತಿಯಲ್ಲಿ ಕಮ್ಯುನಿಸ್ಟರೂ ಸಮಾಜವಾದಿಗಳೂ ಒಕ್ಕೂಟದವರೂ ಒಟ್ಟಿಗೆ ಸೇರಿದರು. ಮುಂಬಯಿ ನಗರ ಮಧ್ಯ ಎಂಬ ಜೋಡಿ ಕ್ಷೇತ್ರದಿಂದ ಇಬ್ಬರು ಗೆದ್ದರು: ಸಾಮಾನ್ಯ ಸ್ಥಾನಕ್ಕೆ ಡಾಂಗೆ, ಮೀಸಲು ಸ್ಥಾನಕ್ಕೆ ಒಕ್ಕೂಟದ ಗೋಪಾಳ ಕಾಳೂಜಿ ಮಾನೆ. ಐದೇ ವರ್ಷದ ಹಿಂದೆ ಬೇರೆ ಬೇರೆ ಬಿದ್ದ ಚೀಟಿಗಳು ಈಗ ಜೋಡಿಯಾಗಿ ಬಿದ್ದವು. ಅದೇ ಚಾಳು, ಅದೇ ಜನ, ಅದೇ ಜೋಡಿ ಕ್ಷೇತ್ರದ ಕಾನೂನು. ಆ ವರ್ಷ ಒಕ್ಕೂಟದಿಂದ ಲೋಕಸಭೆಗೆ ಹೋದವರಲ್ಲಿ ನಮ್ಮ ಚಿಕ್ಕೋಡಿಯ ಡಿ.ಎ. ಕಟ್ಟಿಯೂ ಒಬ್ಬರು. ನಮ್ಮ ಎಷ್ಟು ಮೇಷ್ಟರು ಈ ಹೆಸರನ್ನು ಮಕ್ಕಳಿಗೆ ಹೇಳಿದ್ದಾರೆ?

ಜೋಡಿ ಕ್ಷೇತ್ರ ಹೋದ ಕತೆಯನ್ನೂ ಕೇಳಿ. ಅದೇ ೧೯೫೭ರಲ್ಲಿ ಆಂಧ್ರದ ಪಾರ್ವತೀಪುರದಲ್ಲಿ ಎರಡೂ ಸ್ಥಾನ ಬುಡಕಟ್ಟಿನವರಿಗೇ ಬಂದವು. ಸೋತವರು ವಿ.ವಿ. ಗಿರಿ, ಮುಂದೆ ರಾಷ್ಟ್ರಪತಿಯಾದವರು. ಅವರು ಸುಪ್ರೀಂ ಕೋರ್ಟಿನವರೆಗೂ ಹೋದರು, ೧೯೫೯ರಲ್ಲಿ ಅಲ್ಲೂ ಸೋತರು. ೧೯೬೧ರಲ್ಲಿ ಜೋಡಿ ಕ್ಷೇತ್ರವನ್ನೇ ಕಾನೂನು ಮಾಡಿ ತೆಗೆದುಹಾಕಿದರು. ಬೇರೆ ಕಾರಣಗಳೂ ಇದ್ದವು ಅನ್ನುತ್ತಾರೆ, ಇರಲಿ. ಆದರೆ ಬಾಬಾಸಾಹೇಬರು ಸೋತಾಗ ಯಾರಿಗೂ ಆ ಕ್ರಮದಲ್ಲಿ ದೋಷ ಕಾಣಲಿಲ್ಲ ಅನ್ನೋದನ್ನು ನಾವು ಬರೆದಿಡುತ್ತೇವೆ.

ಆಮೇಲಿನದು ಒಡಕಿನ ಚರಿತ್ರೆ. ೧೯೫೭ರ ಅಕ್ಟೋಬರಿನಲ್ಲಿ ಹುಟ್ಟಿದ ರಿಪಬ್ಲಿಕನ್ ಪಕ್ಷ ಹೋಳುಹೋಳಾಯಿತು. ಬಾಬಾಸಾಹೇಬರ ಜತೆಗಾರರಾಗಿದ್ದ ಆರ್.ಡಿ. ಭಂಡಾರೆ ೧೯೬೭ರಲ್ಲೂ ೧೯೭೧ರಲ್ಲೂ ಇಲ್ಲಿಂದ ಗೆದ್ದರು, ಕಾಂಗ್ರೆಸ್ಸಿನಿಂದ. ಅವರು ಬಿಹಾರದ ರಾಜ್ಯಪಾಲರಾಗಿ ಹೋದಾಗ ೧೯೭೪ರ ಜನವರಿಯಲ್ಲಿ ಉಪಚುನಾವಣೆ ಬಂತು. ಇತ್ತ ಮೈಸೂರಿನಲ್ಲಿ ಬಸವಲಿಂಗಪ್ಪನವರ 'ಬೂಸಾ' ಮಾತಿಗೆ ಬೆಂಕಿ ಬಿದ್ದು ಎರಡೇ ತಿಂಗಳಾಗಿತ್ತು. ಅತ್ತ ದಲಿತ ಪ್ಯಾಂಥರ್ ಹುಡುಗರು ಊರೂರಲ್ಲಿ ನಮ್ಮವರನ್ನು ಕೊಲ್ಲುವಾಗ ಓಟು ಯಾಕೆ ಅಂತ ಕೇಳಿದರು, ಬಹಿಷ್ಕಾರ ಸಾರಿದರು. ಜನವರಿ ೫ರಂದು ವರಳಿಯ ಬಿ.ಡಿ.ಡಿ. ಚಾಳಿನಲ್ಲಿ ಅವರ ಸಭೆಯ ಮೇಲೆ ಕಲ್ಲು ಬಿತ್ತು, ಪೊಲೀಸರ ಲಾಠಿ ಬಿತ್ತು. ೧೦ರಂದು ಪರೇಲಿನ ಮೆರವಣಿಗೆಯ ಮೇಲೆ ಮಾಳಿಗೆಯಿಂದ ಬಿದ್ದ ರುಬ್ಬುಗಲ್ಲು ಭಾಗವತ ಜಾಧವ್ ಎಂಬ ಹುಡುಗನ ಜೀವ ತೆಗೆಯಿತು. ಕಾಂಗ್ರೆಸ್ಸು ಸೋತಿತು, ಡಾಂಗೆಯ ಮಗಳು ರೋಜಾ ದೇಶಪಾಂಡೆ ಗೆದ್ದರು. ಹಾಕದ ಓಟಿಗೂ ತೂಕವಿದೆ ಅಂತ ಕೇರಿ ತೋರಿಸಿತು. ಅದಕ್ಕೆ ತೆತ್ತ ಬೆಲೆಯನ್ನೂ ಕಂಡಿತು.

೧೯೭೭ರಲ್ಲಿ ಮುಂಬಯಿ ದಕ್ಷಿಣ ಮಧ್ಯದಿಂದ ರಿಪಬ್ಲಿಕನ್ ಪಕ್ಷದ ಬಿ.ಸಿ. ಕಾಂಬಳೆ, ೧೯೮೦ರಲ್ಲಿ ಕಾಂಗ್ರೆಸ್ಸಿನ ಆರ್.ಆರ್. ಭೋಳೆ. ಇಬ್ಬರೂ ಬಾಬಾಸಾಹೇಬರ ಹಳೆಯ ಸಂಗಾತಿಗಳು, ಬೇರೆ ಬೇರೆ ಪಾಳೆಯದಲ್ಲಿ. ೧೯೮೨ರ ಜನವರಿಯಲ್ಲಿ ಎರಡೂವರೆ ಲಕ್ಷದಷ್ಟು ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ೧೯೮೪ರಲ್ಲಿ ದೇಶವೆಲ್ಲ ಕಾಂಗ್ರೆಸ್ ಅಲೆಯಲ್ಲಿ ತೇಲುವಾಗ ಆ ಮುಷ್ಕರದ ನಾಯಕ ದತ್ತಾ ಸಾಮಂತರನ್ನು ಈ ಜನ ಪಕ್ಷೇತರರಾಗಿ ಗೆಲ್ಲಿಸಿ ಕಳಿಸಿದರು. ಮುಷ್ಕರ ಮಾತ್ರ ಗೆಲ್ಲಲಿಲ್ಲ. ಗಿರಣಿ ಮುಚ್ಚಿದವು, ಚಿಮಣಿ ಇದ್ದಲ್ಲಿ ಮಹಲು ಎದ್ದವು. ಕಾರ್ಮಿಕ ಅನ್ನೋ ಹೆಸರು ಕಳಚಿದ ಮೇಲೆ ಉಳಿದದ್ದು ಜಾತಿ, ಧರ್ಮ, 'ಮರಾಠಿ ಮಾಣೂಸ್'. ೧೯೮೯ರಿಂದ ಶಿವಸೇನೆ ಈ ನೆಲವನ್ನು ಗಟ್ಟಿಯಾಗಿ ಹಿಡಿಯಿತು.

ಆದರೂ ೧೯೯೮ರಲ್ಲಿ ಮತ್ತೊಮ್ಮೆ ಬಾಗಿಲು ತೆರೆಯಿತು. ರಿಪಬ್ಲಿಕನ್ ಗುಂಪುಗಳು ಒಂದಾಗಿ ಕಾಂಗ್ರೆಸ್ ಜತೆ ಹೊಂದಾಣಿಕೆ ಮಾಡಿಕೊಂಡವು, ನಾಲ್ವರು ಗೆದ್ದರು, ನಾಲ್ವರೂ ಸಾಮಾನ್ಯ ಕ್ಷೇತ್ರಗಳಿಂದ. ಮುಂಬಯಿ ಉತ್ತರ ಮಧ್ಯದಿಂದ ರಾಮದಾಸ್ ಆಠವಲೆ. ಮರುವರ್ಷಕ್ಕೆ ಒಗ್ಗಟ್ಟು ಹೋಯಿತು, ಸ್ಥಾನವೂ ಹೋಯಿತು. ಇಂದು ಮುಂಬಯಿಯ ಆರು ಲೋಕಸಭಾ ಕ್ಷೇತ್ರಗಳಲ್ಲಿ ಒಂದೂ ಮೀಸಲಲ್ಲ. ಆದರೂ ೨೦೨೪ರಲ್ಲಿ ಉತ್ತರ ಮಧ್ಯದಿಂದ ದಲಿತ ಹೆಣ್ಣುಮಗಳು ವರ್ಷಾ ಗಾಯಕವಾಡ್ ಗೆದ್ದಿದ್ದಾರೆ.

ಈ ಎಲ್ಲದರಿಂದ ನಾವು ತಿಳಿಯುವುದೇನು? ಸ್ಥಾನ ಮೀಸಲಿದ್ದ ಮಾತ್ರಕ್ಕೆ ನಮ್ಮ ದನಿ ಒಳಗೆ ಹೋಗುವುದಿಲ್ಲ. ೧೯೫೨ರಲ್ಲಿ ಮೀಸಲು ಸ್ಥಾನದಲ್ಲೇ ಬಾಬಾಸಾಹೇಬರು ಸೋತರು. ೧೯೯೮ರಲ್ಲಿ ಮೀಸಲಿಲ್ಲದ ಕಡೆ ನಮ್ಮವರು ಗೆದ್ದರು. ಗೆದ್ದವನು ಯಾರ ಚೀಟಿಯಿಂದ ಗೆದ್ದನೋ ಅವರಿಗೇ ತಲೆ ಬಾಗುತ್ತಾನೆ. ಕರ್ನಾಟಕದ ೨೨೪ ವಿಧಾನಸಭಾ ಕ್ಷೇತ್ರಗಳಲ್ಲಿ ೩೬ ಪರಿಶಿಷ್ಟ ಜಾತಿಗೆ, ೧೫ ಪರಿಶಿಷ್ಟ ಪಂಗಡಕ್ಕೆ ಮೀಸಲು. ಆ ಐವತ್ತೊಂದು ಜನ ಭೂಮಿಯ ಮಾತು ಬಂದಾಗ, ಕೇರಿಗೆ ಬೆಂಕಿ ಬಿದ್ದಾಗ, ಯಾರ ಮುಖ ನೋಡಿ ಬಾಯಿ ತೆರೆಯುತ್ತಾರೆ? ಅವರನ್ನು ಬೈದು ಫಲವಿಲ್ಲ. ನಮ್ಮ ಚೀಟಿಯ ಜತೆ ಬೀಳುವ ಇನ್ನೊಂದು ಚೀಟಿ ಯಾರದು, ಯಾವ ಮಾತಿನ ಮೇಲೆ ಬೀಳುತ್ತದೆ ಅನ್ನೋದನ್ನು ನಾವು ಮೊದಲೇ ಗಟ್ಟಿಮಾಡಿಕೊಳ್ಳದಿದ್ದರೆ ಅದನ್ನು ಉಳ್ಳವರು ಗಟ್ಟಿಮಾಡುತ್ತಾರೆ.

೧೯೫೭ರ ಜೋಡಿ ಒಂದೇ ಚುನಾವಣೆಗೆ ಮುಗಿಯಿತು. ಯಾಕೆಂದರೆ ಅದು ಭಾಷೆಯ ಮೇಲೆ ಕೂಡಿದ್ದು, ಲಾಳಿಯ ಮೇಲೆ ಕೂಡಿದ್ದಲ್ಲ. ಎಂಜಲು ಒಪ್ಪದವರು ಓಟು ಮಾತ್ರ ಒಪ್ಪಿಕೊಂಡರೆ ಆ ಒಗ್ಗಟ್ಟು ಎಷ್ಟು ದಿನದ್ದು? ಒಂದೇ ಬಾವಿ, ಒಂದೇ ಹೋಟೆಲ್ಲಿನ ಲೋಟ, ಒಂದೇ ಸಮನಾದ ಕೂಲಿ ಅಂತ ದಿನವೂ ಜಗಳ ಮಾಡುವವರ ನಡುವೆ ಹುಟ್ಟಿದ ಸ್ನೇಹವೇ ಮತಪೆಟ್ಟಿಗೆಯವರೆಗೂ ಬರುತ್ತದೆ. ಆ ಕೆಲಸಕ್ಕೆ ಐದು ವರ್ಷಕ್ಕೊಂದು ದಿನ ಸಾಲದು.